ಮೀನಿಗೆಂದು ಮನೆಯಲ್ಲೇ ಲಾರ್ವಾ ಬೆಳೆಸುತ್ತೀರಾ? ಬಕೆಟ್ ಮೇಲೆ ತಾರೀಖು ಬರೆದಿಡಿ

ಡಬ್ಬಿಯ ಒಣ ಆಹಾರವನ್ನು ಬಾಯಿಗೆ ಹಾಕಿ ಉಗುಳುವ ಬೆಟ್ಟಾ ಮೀನು, ನೀರಿನಲ್ಲಿ ಕೊಂಕುತ್ತಾ ಸಾಗುವ ಸೊಳ್ಳೆ ಲಾರ್ವಾ ಕಂಡರೆ ಬಾಣದಂತೆ ನುಗ್ಗುತ್ತದೆ. ಗಪ್ಪಿ, ಗೌರಾಮಿ, ಏಂಜೆಲ್ ಮೀನುಗಳೂ ಅಷ್ಟೆ. ಮರಿ ಮಾಡಿಸುವ ಮುನ್ನ ಜೋಡಿ ಮೀನುಗಳಿಗೆ ಕೆಲವು ದಿನ ಜೀವಂತ ಆಹಾರ ಕೊಡುವುದು ಅಕ್ವೇರಿಯಂ ಪ್ರಿಯರ ಹಳೆಯ ರೂಢಿ. ಮಲೇರಿಯಾ ತಡೆಗೆ ಆರೋಗ್ಯ ಇಲಾಖೆಗಳು ಬಾವಿ, ತೊಟ್ಟಿಗಳಿಗೆ ಗಪ್ಪಿ ಮತ್ತು ಗ್ಯಾಂಬೂಸಿಯಾ ಮೀನು ಬಿಡುವುದು ಕೂಡ ಅವುಗಳ ಈ ಹಸಿವನ್ನು ನಂಬಿಯೇ.

ಸೊಳ್ಳೆ ಲಾರ್ವಾ ಪಡೆಯಲು ಖರ್ಚಿಲ್ಲ, ಜಾಣತನವೂ ಬೇಡ. ಬಾಲ್ಕನಿಯಲ್ಲಿ ಒಂದು ಬಕೆಟ್ ನೀರಿಟ್ಟರೆ ಸಾಕು, ಉಳಿದ ಕೆಲಸ ಸೊಳ್ಳೆಯದು. ಅಪಾಯವೂ ಅದೇ ಬಕೆಟ್‌ನಲ್ಲಿದೆ. ಡೆಂಗ್ಯೂ, ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಇಂಥ ತಿಳಿ ನೀರೇ. ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಕೂಡ ಮಹಡಿ ಮೇಲಿನ ನೀರಿನ ಟ್ಯಾಂಕ್‌ಗಳಲ್ಲೇ ಬೆಳೆಯುತ್ತದೆ.

ಆದ್ದರಿಂದ ಮೊದಲು ತಿಳಿಯಬೇಕಾದದ್ದು ದಿನಗಳ ಲೆಕ್ಕ. ನಮ್ಮ ಬೆಚ್ಚನೆಯ ಹವೆಯಲ್ಲಿ ಮೊಟ್ಟೆ ಒಂದೆರಡು ದಿನದಲ್ಲಿ ಒಡೆಯುತ್ತದೆ. ಲಾರ್ವಾ ನಾಲ್ಕು ಹಂತಗಳಲ್ಲಿ ಬೆಳೆದು ಕೋಶಾವಸ್ಥೆಗೆ, ಅಂದರೆ ಪ್ಯೂಪಾ ಹಂತಕ್ಕೆ, ಹೋಗುತ್ತದೆ. ಅಲ್ಲಿಂದ ಸುಮಾರು ಎರಡು ದಿನದಲ್ಲಿ ಸೊಳ್ಳೆ ಹಾರುತ್ತದೆ. ಮೊಟ್ಟೆಯಿಂದ ರೆಕ್ಕೆಯವರೆಗೆ ಒಟ್ಟು 7ರಿಂದ 10 ದಿನ. ಒಂದು ವಾರ ಊರಿಗೆ ಹೋಗಿ ಬಂದರೆ ನಿಮ್ಮ ಮೀನಿನ ಆಹಾರ ಪಕ್ಕದ ಮನೆಯ ಮಗುವಿನ ಜ್ವರವಾಗಿರಬಹುದು.

ಬೆಳೆಸುವುದಾದರೆ ಹೀಗೆ ಮಾಡಿ. ಅಗಲ ಬಾಯಿಯ ಸಣ್ಣ ಬಕೆಟ್‌ನಲ್ಲಿ ನಲ್ಲಿ ನೀರು ತುಂಬಿ, ಕ್ಲೋರಿನ್ ಹೋಗಲು ಒಂದು ದಿನ ಬಿಡಿ. ಒಂದೆರಡು ಒಣ ಎಲೆ ಹಾಕಿದರೆ ಅದು ಕೊಳೆತು ಲಾರ್ವಾಗಳಿಗೆ ಆಹಾರವಾಗುತ್ತದೆ. ಎರಡು ರಾತ್ರಿ ಮಾತ್ರ ತೆರೆದಿಟ್ಟು, ಮೂರನೇ ಬೆಳಗ್ಗೆ ಸೊಳ್ಳೆ ಪರದೆಯ ಬಟ್ಟೆಯನ್ನು ರಬ್ಬರ್ ಬ್ಯಾಂಡ್‌ನಿಂದ ಬಿಗಿಯಾಗಿ ಕಟ್ಟಿ. ನೀರಿಟ್ಟ ತಾರೀಖನ್ನು ಬಕೆಟ್ ಮೇಲೆ ಬರೆಯಿರಿ. ಲಾರ್ವಾ ಕಣ್ಣಿಗೆ ಬಿದ್ದ ದಿನದಿಂದ ಪ್ರತಿದಿನ ಚಹಾ ಸೋಸುವ ಜಾಲರಿಯಲ್ಲಿ ಹಿಡಿದು, ಶುದ್ಧ ನೀರಿನಲ್ಲಿ ತೊಳೆದು ಮೀನಿಗೆ ಹಾಕಿ. (ಜಾಲರಿ ಬೇರೆಯೇ ಇರಲಿ, ಅಡುಗೆಮನೆಯದು ಬೇಡ.) ಅಲ್ಪವಿರಾಮ ಚಿಹ್ನೆಯಂತೆ ಬಾಗಿದ, ದಪ್ಪ ತಲೆಯ ಪ್ಯೂಪಾ ಒಂದು ಕಂಡರೂ ಆ ಬಕೆಟ್‌ನ ಕಥೆ ಅಂದೇ ಮುಗಿಯಬೇಕು. ಕಾಣದಿದ್ದರೂ ಆರನೇ ದಿನ ದಾಟಿಸಬೇಡಿ.

ಉಳಿದ ನೀರನ್ನು ಚರಂಡಿಗೆ ಸುರಿಯುವುದು ತಪ್ಪು, ಲಾರ್ವಾ ಅಲ್ಲೂ ಬದುಕಬಲ್ಲದು. ಬಿಸಿಲಿಗೆ ಕಾದ ಒಣ ನೆಲದ ಮೇಲೆ ಚೆಲ್ಲಿ, ಒಣಗಿದರೆ ಸಾಯುತ್ತದೆ. ಬಳಿಕ ಬಕೆಟ್‌ನ ಒಳಗೋಡೆಯನ್ನು ಬ್ರಷ್‌ನಿಂದ ಉಜ್ಜಲೇಬೇಕು. ಈಡಿಸ್ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಗೋಡೆಗೆ ಅಂಟಿಸಿ. ಆ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿದ್ದರೂ ನೀರು ತಾಗಿದೊಡನೆ ಒಡೆಯುತ್ತವೆ. ಹೆಚ್ಚಿನವರು ತಪ್ಪುವುದು ಈ ಹೆಜ್ಜೆಯಲ್ಲೇ.

ತೊಟ್ಟಿಗೂ ಐದು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಹಾಕಿ. ಮಿಕ್ಕವು ಅಲ್ಲೇ ಬೆಳೆದು ಮನೆಯೊಳಗೆ ಹಾರುತ್ತವೆ. ಹೆಚ್ಚು ಸಿಕ್ಕಿದರೆ ತೊಳೆದು ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿಡಬಹುದು. ಓಡಾಟವಿಲ್ಲದಿದ್ದರೂ ಬಹುತೇಕ ಮೀನುಗಳು ತಿನ್ನುತ್ತವೆ.

ಇಷ್ಟೆಲ್ಲ ಹೇಳಿದ ಮೇಲೂ ಮಳೆಗಾಲದಲ್ಲಿ ಮತ್ತು ಅಪಾರ್ಟ್‌ಮೆಂಟ್‌ಗಳಲ್ಲಿ ಈ ಸಾಹಸ ಬೇಡ ಎನ್ನುವುದೇ ನಮ್ಮ ಸಲಹೆ. ಮುಂಬೈ, ದೆಹಲಿಗಳಲ್ಲಿ ಪಾಲಿಕೆ ಸಿಬ್ಬಂದಿ ಮನೆಮನೆಗೆ ಬಂದು ಲಾರ್ವಾ ಹುಡುಕುತ್ತಾರೆ, ಸಿಕ್ಕರೆ ನೋಟಿಸ್ ಕೊಡುತ್ತಾರೆ. ಕರ್ನಾಟಕ ಸರಕಾರವೂ 2024ರಲ್ಲಿ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡದ ನಿಯಮ ತಂದಿತು. ‘ಮೀನಿಗಾಗಿ ಬೆಳೆಸಿದ್ದು’ ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ.

ಫ್ಲ್ಯಾಟ್‌ನಲ್ಲಿ ಇರುವವರಿಗೆ ಮೀಲ್‌ವರ್ಮ್ ಒಳ್ಳೆಯ ದಾರಿ. ಇದು ಧಾನ್ಯದಲ್ಲಿ ಬೆಳೆಯುವ ಒಂದು ಕಪ್ಪು ದುಂಬಿಯ ಮರಿಹುಳು. ನೀರು ಬೇಡ, ವಾಸನೆ ಕಡಿಮೆ, ನಯವಾದ ಗೋಡೆಯ ಪ್ಲಾಸ್ಟಿಕ್ ಡಬ್ಬಿಯನ್ನು ಹತ್ತಿ ಹೊರಬರುವುದೂ ಇಲ್ಲ. ಮುಂಬೈನ ಕ್ರಾಫರ್ಡ್ ಮಾರ್ಕೆಟ್, ಚೆನ್ನೈನ ಕೊಳತ್ತೂರಿನಂಥ ಕಡೆ ಸಾಕುಪ್ರಾಣಿ, ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ ವಿಚಾರಿಸಿ. ಡಬ್ಬಿಯಲ್ಲಿ ಎರಡು ಮೂರು ಇಂಚು ಗೋಧಿ ಬೂಸಾ ಹಾಕಿ, ತೇವಕ್ಕೆಂದು ಕ್ಯಾರೆಟ್ ಅಥವಾ ಆಲೂಗಡ್ಡೆ ಚೂರು ಇಡಿ, ಮುಚ್ಚಳಕ್ಕೆ ಗಾಳಿಯಾಡುವ ತೂತು ಮಾಡಿ. ಬೂಸ್ಟು ಹಿಡಿಯುವ ಮುನ್ನ ಚೂರು ಬದಲಿಸಿ. ಹುಳು ದೊಡ್ಡದಾಗಲು ಎರಡು ಮೂರು ತಿಂಗಳು ಬೇಕು, ತಾಳ್ಮೆ ಇರಲಿ. ಅಡುಗೆಮನೆಯ ಹಿಟ್ಟು, ರವೆಯಿಂದ ಡಬ್ಬಿ ದೂರವಿರಲಿ. ದುಂಬಿಗೆ ಆ ಹಿಟ್ಟೂ ಇಷ್ಟವೇ.

ಆದರೆ ಇದರ ಚರ್ಮ ಗಟ್ಟಿ, ಕೊಬ್ಬು ಹೆಚ್ಚು. ಆಸ್ಕರ್, ಅರೋವಾನಾ, ಫ್ಲವರ್‌ಹಾರ್ನ್‌ನಂಥ ದೊಡ್ಡ ಮೀನುಗಳಿಗೆ ವಾರಕ್ಕೆ ಒಂದೆರಡು ಸಲ ಸಾಕು. ಗಪ್ಪಿ, ಬೆಟ್ಟಾಗಳಿಗೆ ಕೊಡುವುದಾದರೆ ಆಗತಾನೇ ಪೊರೆ ಕಳಚಿದ ಬಿಳಿ ಹುಳುವನ್ನು ಸಣ್ಣಗೆ ಕತ್ತರಿಸಿ ಹಾಕಿ.

ಕೆಂಪು ಬ್ಲಡ್‌ವರ್ಮ್ ಕಚ್ಚದ ನುಸಿಯೊಂದರ ಲಾರ್ವಾ. ಹಿಮೋಗ್ಲೋಬಿನ್ ಇರುವುದರಿಂದ ಅದಕ್ಕೆ ಆ ಬಣ್ಣ. ಅದನ್ನು ಮನೆಯಲ್ಲಿ ಬೆಳೆಸಲು ಕೆಸರಿನ ತಳ ಬೇಕು, ನುಸಿಗಳ ಕಾಟ ಬೇರೆ. ಹೆಪ್ಪುಗಟ್ಟಿಸಿದ್ದನ್ನು ಕೊಳ್ಳುವುದೇ ಸಲೀಸು. ಒಣ ಬ್ಲಡ್‌ವರ್ಮ್ ಪುಡಿಯಿಂದ ಕೆಲವರಿಗೆ ಸೀನು, ಕಣ್ಣುರಿ, ಉಬ್ಬಸದಂಥ ಅಲರ್ಜಿ ಬರುತ್ತದೆ. ಮುಟ್ಟಿದ ಮೇಲೆ ಕೈ ತೊಳೆಯಿರಿ. ಚರಂಡಿ ಅಥವಾ ಕೆರೆಯಿಂದ ಲಾರ್ವಾ ಹಿಡಿದು ತರುವ ಯೋಚನೆಯಂತೂ ಬೇಡ. ಚರಂಡಿಗೆ ಪಾಲಿಕೆಯವರು ಔಷಧಿ ಹೊಡೆದಿರುತ್ತಾರೆ. ಕೆರೆಯ ನೀರಿನೊಂದಿಗೆ ಏರೋಪ್ಲೇನ್ ಚಿಟ್ಟೆಯ ಮರಿ ಬಂದರೆ ಅದು ನಿಮ್ಮ ಮೀನಿನ ಮರಿಗಳನ್ನೇ ತಿನ್ನುತ್ತದೆ.