ಕ್ರಿಕೆಟ್ ಚಿತ್ರೀಕರಣ: ಕ್ಯಾಮೆರಾ ನಡೆದುಬಂದ ದಾರಿ

ಟೆಸ್ಟ್ ಪಂದ್ಯವೊಂದು ಟೆಲಿವಿಷನ್‌ನಲ್ಲಿ ಮೊದಲ ಬಾರಿಗೆ ನೇರಪ್ರಸಾರವಾದದ್ದು 1938ರ ಜೂನ್‌ನಲ್ಲಿ, ಲಂಡನ್ನಿನ ಲಾರ್ಡ್ಸ್ ಮೈದಾನದಿಂದ. ಇಂಗ್ಲೆಂಡ್–ಆಸ್ಟ್ರೇಲಿಯಾ ನಡುವಣ ಆ ಪಂದ್ಯವನ್ನು ತೋರಿಸಿದ ಬಿಬಿಸಿಯ ಪ್ರಸಾರ ಆಗ ಲಂಡನ್ ಸುತ್ತಮುತ್ತ ಮಾತ್ರ ಸಿಗುತ್ತಿತ್ತು. ವಾಲಿ ಹ್ಯಾಮಂಡ್ 240 ರನ್ ಬಾರಿಸಿದರೂ ಮನೆಯಲ್ಲಿ ಕೂತು ನೋಡುವ ಭಾಗ್ಯ ಕೆಲವರದಷ್ಟೇ ಆಗಿತ್ತು.

ಆಮೇಲೆ ಕ್ಯಾಮೆರಾಕ್ಕೆ ಬಣ್ಣ ಬಂತು, ಲೆನ್ಸ್‌ಗಳು ಉದ್ದವಾದವು. ಮುಖ್ಯ ಕ್ಯಾಮೆರಾ ಮಾತ್ರ ಬಹುಕಾಲ ಪಿಚ್‌ನ ಒಂದೇ ತುದಿಯಲ್ಲಿ ಉಳಿಯಿತು. ಒಂದು ಓವರ್ ಬ್ಯಾಟ್ಸ್‌ಮನ್‌ನ ಮುಖ ಕಂಡರೆ ಮುಂದಿನ ಓವರ್‌ನಲ್ಲಿ ಅವನ ಬೆನ್ನು, ಅದಕ್ಕೂ ಮುಂದೆ ವಿಕೆಟ್‌ಕೀಪರನ ಬೆನ್ನು. 1977ರಲ್ಲಿ ಆಸ್ಟ್ರೇಲಿಯಾದ ಕೆರ್ರಿ ಪ್ಯಾಕರ್ ವರ್ಲ್ಡ್ ಸೀರೀಸ್ ಕ್ರಿಕೆಟ್ ಆರಂಭಿಸಿದಾಗ ಅವರ ಚಾನೆಲ್ ನೈನ್ ಎರಡೂ ತುದಿಗಳಲ್ಲಿ ಕ್ಯಾಮೆರಾ ನಿಲ್ಲಿಸಿತು. ಬೌಲರನ ತೋಳಿನ ನೇರಕ್ಕೆ, ಸೈಟ್‌ಸ್ಕ್ರೀನ್‌ಗಿಂತ ಎತ್ತರದಿಂದ ನೋಡಿದಾಗ ಮಾತ್ರ ಚೆಂಡು ಎತ್ತ ಹೊರಳಿತೆಂಬುದು ತಿಳಿಯುತ್ತದೆ. ಇಂದಿಗೂ ಎಲ್ಲ ಪ್ರಸಾರಗಳ ಬೆನ್ನೆಲುಬು ಈ ಜಾಗವೇ. ಬಣ್ಣದ ಉಡುಪಿನ ಗದ್ದಲದಲ್ಲಿ ಪ್ಯಾಕರ್ ಅವರ ಈ ಕೊಡುಗೆಯನ್ನು ನೆನೆಯುವವರು ಕಡಿಮೆ.

ಕ್ಯಾಮೆರಾ ಇಲ್ಲದಿದ್ದರೆ ಏನು ಕಳೆದುಹೋಗುತ್ತದೆ ಎಂಬುದನ್ನು ಭಾರತ ಬಲ್ಲದು. 1983ರ ಜೂನ್ 18ರಂದು ಟನ್‌ಬ್ರಿಡ್ಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ಎದುರು 17 ರನ್‌ಗೆ 5 ವಿಕೆಟ್ ಉರುಳಿದ್ದಾಗ ಕಪಿಲ್ ದೇವ್ ಅಜೇಯ 175 ಹೊಡೆದರು. ಮುರಿಯದ ಒಂಬತ್ತನೇ ವಿಕೆಟ್‌ಗೆ 126 ರನ್ ಸೇರಿಸುವಾಗ ಅವರಿಗೆ ಜೊತೆಯಾದವರು ಕರ್ನಾಟಕದ ಸಯ್ಯದ್ ಕಿರ್ಮಾನಿ. ಬಿಬಿಸಿ ಅಂದು ಅಲ್ಲಿರಲಿಲ್ಲ. ಉಳಿದಿರುವುದು ಸ್ಕೋರ್‌ಕಾರ್ಡ್, ಕೆಲವು ಛಾಯಾಚಿತ್ರ, ಕಂಡವರ ಮಾತು.

ಮುಂದಿನ ಹೆಜ್ಜೆ ವೇಗದ್ದು. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಸೆಕೆಂಡಿಗೆ ಸುಮಾರು 39 ಮೀಟರ್ ಕ್ರಮಿಸುತ್ತದೆ. ಸೆಕೆಂಡಿಗೆ 25 ಫ್ರೇಮ್ ಹಿಡಿಯುವ ಕ್ಯಾಮೆರಾದಲ್ಲಿ ಎರಡು ಫ್ರೇಮ್‌ಗಳ ನಡುವೆ ಅದು ಒಂದೂವರೆ ಮೀಟರ್ ದಾಟಿರುತ್ತದೆ. 300 ಫ್ರೇಮ್ ಇದ್ದರೆ 13 ಸೆಂ.ಮೀ. ಮಾತ್ರ. ಶಟರ್ 1/50 ಸೆಕೆಂಡ್ ತೆರೆದಿದ್ದರೆ ಚೆಂಡು ಮುಕ್ಕಾಲು ಮೀಟರ್ ಉದ್ದದ ಮಸುಕು ಗೆರೆಯಾಗುತ್ತದೆ. 1/1000ಕ್ಕೆ ಇಳಿಸಿದರೆ ಮಸುಕು 4 ಸೆಂ.ಮೀ.ಗೆ ಬರುತ್ತದೆ, ಜೊತೆಗೆ ಒಳಬರುವ ಬೆಳಕೂ ಇಪ್ಪತ್ತರಲ್ಲಿ ಒಂದು ಪಾಲಾಗುತ್ತದೆ. ಸಂಜೆಯ ಪಂದ್ಯದಲ್ಲಿ ಛಾಯಾಗ್ರಾಹಕರು ಪೇಚಾಡುವುದು ಇಲ್ಲೇ. ಹಳೆಯ ಬಗೆಯ ಹೊನಲು ದೀಪಗಳು ವಿದ್ಯುತ್ತಿನ ಲಯಕ್ಕೆ ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ ನಿಧಾನಗತಿಯ ಚಿತ್ರ ಅದುರುತ್ತಿತ್ತು. ಮಿನುಗದ ಎಲ್‌ಇಡಿ ದೀಪಗಳು ಬಂದ ಮೇಲೆ ಈ ಕಾಟ ತಗ್ಗಿತು.

1992ರ ನವೆಂಬರ್‌ನಲ್ಲಿ ಡರ್ಬನ್‌ನಲ್ಲಿ ಕ್ಯಾಮೆರಾಕ್ಕೆ ತೀರ್ಪಿನ ಅಧಿಕಾರವೂ ಸಿಕ್ಕಿತು. ಜಾಂಟಿ ರೋಡ್ಸ್ ಎಸೆದ ಚೆಂಡಿಗೆ ಸಚಿನ್ ತೆಂಡೂಲ್ಕರ್ ರನೌಟ್ ಆದರು. ಮೂರನೇ ಅಂಪೈರ್ ಟಿವಿ ನೋಡಿ ಔಟ್ ಕೊಟ್ಟ ಮೊದಲ ಬ್ಯಾಟ್ಸ್‌ಮನ್ ಅವರೇ. 2001ರಲ್ಲಿ ಲಾರ್ಡ್ಸ್‌ನ ಇಂಗ್ಲೆಂಡ್–ಪಾಕಿಸ್ತಾನ ಟೆಸ್ಟ್‌ನಲ್ಲಿ ಚಾನೆಲ್ 4 ಬಳಸಿದ ಹಾಕ್-ಐ, ಹಲವು ಕ್ಯಾಮೆರಾಗಳ ಚಿತ್ರ ಕೂಡಿಸಿ ಚೆಂಡಿನ ಪಥ ಲೆಕ್ಕಹಾಕಿತು. 2008ರ ಭಾರತ–ಶ್ರೀಲಂಕಾ ಸರಣಿಯಲ್ಲಿ, ಅಂಪೈರ್ ತೀರ್ಪಿನ ಮರುಪರಿಶೀಲನೆಯನ್ನು ಆಟಗಾರರೇ ಕೇಳಬಹುದಾದ ಡಿಆರ್‌ಎಸ್ ಪ್ರಯೋಗ ನಡೆಯಿತು.

ಭಾರತದಲ್ಲಿ ಕ್ಯಾಮೆರಾ ಕೋರ್ಟಿನ ಮೆಟ್ಟಿಲನ್ನೂ ಏರಿದೆ. 1993ರ ಹೀರೋ ಕಪ್ ಪ್ರಸಾರದ ಹಕ್ಕು ವಿದೇಶಿ ಸಂಸ್ಥೆಗೆ ಹೋದಾಗ ದೂರದರ್ಶನದೊಡನೆ ಜಟಾಪಟಿ ನಡೆದು, ಆ ಸಂಸ್ಥೆಯ ಉಪಕರಣಗಳನ್ನು ಕಸ್ಟಮ್ಸ್ ತಡೆಹಿಡಿಯಿತು. ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂಬ ಸುಪ್ರೀಂ ಕೋರ್ಟಿನ 1995ರ ತೀರ್ಪು ಹುಟ್ಟಿದ್ದು ಈ ಜಗಳದಿಂದ.

ಈಚೆಗೆ ಕರಾವಳಿಯ ಟೆನಿಸ್ ಬಾಲ್ ಟೂರ್ನಿಗಳೂ ಯೂಟ್ಯೂಬ್‌ನಲ್ಲಿ ನೇರವಾಗಿ ಕಾಣುತ್ತವೆ. ಫೋನ್ ಕ್ಯಾಮೆರಾ ಸಾಲು ಸಾಲಾಗಿ ಚಿತ್ರ ಓದುವುದರಿಂದ ಬೀಸಿದ ಬ್ಯಾಟು ಬಾಗಿದಂತೆ ಕಾಣುವುದುಂಟು. ಜೂಮ್ ಮಾಡಿದರೆ ಚಿತ್ರ ಒಡೆಯುತ್ತದೆ. ಹಾಗಾಗಿ ಆಪ್ಟಿಕಲ್ ಜೂಮ್ ಇರುವ ಕ್ಯಾಮ್‌ಕಾರ್ಡರ್, ಗಟ್ಟಿ ಟ್ರೈಪಾಡ್, ಬೌಲರನ ಹಿಂದೆ ಕಬ್ಬಿಣದ ಪೈಪಿನ ಅಟ್ಟಣಿಗೆ ಇದ್ದರೆ ಚೆನ್ನ. ಇಂಥ ಹಲವು ಟೂರ್ನಿಗಳಲ್ಲಿ ಎಲ್ಲ ಓವರ್‌ಗಳನ್ನೂ ಒಂದೇ ತುದಿಯಿಂದ ಎಸೆಯುವ ರೂಢಿಯಿರುವುದರಿಂದ ಎರಡನೇ ಅಟ್ಟಣಿಗೆಯ ಖರ್ಚು ಉಳಿಯುತ್ತದೆ.