ಬೇಟೆಯ ಲೆಕ್ಕದಿಂದ ಹಕ್ಕಿಯ ಪಟ್ಟಿಗೆ

ಮೊಘಲ್ ದೊರೆ ಜಹಾಂಗೀರನಿಗೆ ಲೆಕ್ಕವಿಡುವುದರಲ್ಲಿ ವಿಪರೀತ ಆಸಕ್ತಿ. ತನ್ನ ಆಳ್ವಿಕೆಯ ಹನ್ನೊಂದನೆಯ ವರ್ಷದಲ್ಲಿ, ಎಂದರೆ ಸುಮಾರು 1616ರಲ್ಲಿ, ಅವನು ಬೇಟೆಯ ಲೆಕ್ಕ ಬರೆಯುವವರನ್ನು ಕರೆಸಿದ. ಹನ್ನೆರಡನೆಯ ವಯಸ್ಸಿನಿಂದ ಅಂದಿನವರೆಗೆ ತನ್ನ ಎದುರಿನಲ್ಲಿ ಬೇಟೆಯಾದ ಪ್ರಾಣಿಗಳೆಷ್ಟು ಎಂದು ಕೂಡಿಸಿ ಹೇಳಲು ಆಜ್ಞಾಪಿಸಿದ. ಮೊತ್ತ 28,532 ಬಂದಿತು. ಅವುಗಳಲ್ಲಿ ಅವನೇ ಕೊಂದವು 17,167. ಇದರಲ್ಲಿ ನಾಲ್ಕು ಕಾಲಿನ ಪ್ರಾಣಿಗಳು 3,203, ಪಕ್ಷಿಗಳು 13,964. ಪಕ್ಷಿಗಳ ಪೈಕಿ 10,348 ಬರೀ ಪಾರಿವಾಳಗಳು!

ಇದೂ ಒಂದು ವನ್ಯಜೀವಿ ಪಟ್ಟಿಯೇ. ಆದರೆ ಇದರಿಂದ ದೊರೆಯ ವಿಷಯ ತಿಳಿಯುವಷ್ಟು ಕಾಡಿನ ವಿಷಯ ತಿಳಿಯುವುದಿಲ್ಲ. ಮೂವತ್ತೆಂಟು ವರ್ಷಗಳ ಬೇಟೆಯನ್ನು ಒಂದೇ ರಾಶಿ ಹಾಕಿದ ಕಾರಣ, ಯಾವ ವರ್ಷ ಯಾವ ಪ್ರಾಣಿ ಹೆಚ್ಚಿತ್ತು, ಯಾವುದು ಕಡಿಮೆಯಾಯಿತು ಎಂಬುದು ಅಳಿಸಿಹೋಗಿದೆ.

ಅದೇ ಲೆಕ್ಕವನ್ನು ವರ್ಷವರ್ಷವೂ ಬೇರೆಬೇರೆಯಾಗಿ ಇಟ್ಟಿದ್ದರೆ ಏನಾಗುತ್ತಿತ್ತು? ಇದಕ್ಕೆ ಉತ್ತರ ಕೆನಡಾದಲ್ಲಿದೆ. ಅಲ್ಲಿನ ಹಡ್ಸನ್ಸ್ ಬೇ ಕಂಪನಿಯದು ತುಪ್ಪುಳಿನ ಚರ್ಮದ ವ್ಯಾಪಾರ. ಪ್ರತಿ ವರ್ಷ ಬಂದ ಚರ್ಮಗಳ ಸಂಖ್ಯೆಯನ್ನು ಗುಮಾಸ್ತರು ಬರೆದಿಡುತ್ತಿದ್ದರು. ಅವರಿಗೆ ಬೇಕಾಗಿದ್ದುದು ಲಾಭನಷ್ಟದ ಲೆಕ್ಕ ಮಾತ್ರ. ಬ್ರಿಟಿಷ್ ಜೀವಿವಿಜ್ಞಾನಿ ಚಾರ್ಲ್ಸ್ ಎಲ್ಟನ್ ಆ ಹಳೆಯ ಪುಸ್ತಕಗಳನ್ನು ಕೆದಕಿದಾಗ, ಲಿಂಕ್ಸ್ ಎಂಬ ಕಾಡುಬೆಕ್ಕಿನ ಸಂಖ್ಯೆ ಸುಮಾರು ಹತ್ತು ವರ್ಷಗಳಿಗೊಮ್ಮೆ ಏರಿ ಇಳಿಯುವುದು ಕಂಡಿತು. 1942ರಲ್ಲಿ ಪ್ರಕಟವಾದ ಆ ಅಧ್ಯಯನ ಇಂದಿಗೂ ಪರಿಸರ ವಿಜ್ಞಾನದ ಪಠ್ಯಗಳಲ್ಲಿದೆ. ಲಿಂಕ್ಸ್‌ನ ಆಹಾರವಾದ ಮೊಲಗಳು ಹೆಚ್ಚಿ ಕುಸಿದಂತೆಲ್ಲ ಅದರ ಸಂತತಿಯೂ ಸ್ವಲ್ಪ ಹಿಂದಿನಿಂದ ಹೆಚ್ಚಿ ಕುಸಿಯುತ್ತದೆ.

ಕೊಲ್ಲದೆ, ಕಂಡದ್ದನ್ನು ಮಾತ್ರ ಬರೆದಿಡುವ ಹವ್ಯಾಸ ಬೆಳೆದದ್ದು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ. ನಾರ್ಫೋಕ್‌ನ ರಾಬರ್ಟ್ ಮಾರ್ಶಮ್ ಎಂಬ ಜಮೀನುದಾರ 1736ರಿಂದ ಪ್ರತಿ ವಸಂತದಲ್ಲಿಯೂ ಮೊದಲ ಹೂ ಎಂದು ಅರಳಿತು, ಮೊದಲ ಕವಲುತೋಕೆ ಹಕ್ಕಿ ಎಂದು ಬಂದಿತು, ಕೋಗಿಲೆಯ ದನಿ ಎಂದು ಕೇಳಿಸಿತು ಎಂದು ಗುರುತು ಹಾಕುತ್ತಿದ್ದ. ಅವನ ನಂತರ ಮಕ್ಕಳು ಮೊಮ್ಮಕ್ಕಳು ಅದನ್ನು 1958ರವರೆಗೂ ನಡೆಸಿಕೊಂಡು ಬಂದರು! ವಸಂತ ಬರುವ ಕಾಲಕ್ಕೂ ತಾಪಮಾನಕ್ಕೂ ಇರುವ ನಂಟನ್ನು ಅಳೆಯಲು ಹವಾಮಾನ ಬದಲಾವಣೆಯ ಅಧ್ಯಯನಕಾರರಿಗೆ ಒದಗಿದ್ದು ಇದೇ ಪಟ್ಟಿ. ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ 1768ರಿಂದ 1793ರಲ್ಲಿ ಸಾಯುವವರೆಗೆ ಅಚ್ಚು ಹಾಕಿದ ನಮೂನೆಯ ಹಾಳೆಗಳಲ್ಲಿ ಮಳೆ, ಗಾಳಿ, ಗಿಡ, ಹಕ್ಕಿಗಳ ದಿನಚರಿ ತುಂಬಿದ. ನೋಡಲು ಒಂದೇ ಬಗೆಯಾಗಿದ್ದ ಉಲಿಯಕ್ಕಿಗಳಲ್ಲಿ ಮೂರು ಪ್ರಭೇದಗಳಿವೆ ಎಂದು ಹಾಡಿನಿಂದಲೇ ಪತ್ತೆ ಮಾಡಿದವನು ಇವನೇ.

ಇವೆಲ್ಲ ಒಬ್ಬಿಬ್ಬರ ಕೆಲಸ. ಹಲವರು ಸೇರಿ ಒಂದೇ ಕ್ರಮದಲ್ಲಿ ಎಣಿಸುವ ಪದ್ಧತಿ ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ಅಮೆರಿಕದಲ್ಲಿ ಕ್ರಿಸ್‌ಮಸ್ ದಿನ ಎರಡು ತಂಡಗಳಾಗಿ ಹೊರಟು, ಯಾರು ಹೆಚ್ಚು ಪ್ರಾಣಿಪಕ್ಷಿಗಳನ್ನು ಹೊಡೆದು ತರುತ್ತಾರೆ ಎಂದು ಪಂದ್ಯ ಕಟ್ಟುವ ರೂಢಿಯಿತ್ತು. ಪಕ್ಷಿತಜ್ಞ ಫ್ರಾಂಕ್ ಚಾಪ್‌ಮನ್ 1900ರಲ್ಲಿ ತನ್ನ ಪತ್ರಿಕೆಯ ಮೂಲಕ ಒಂದು ಸಲಹೆ ಮುಂದಿಟ್ಟ. ಕೋವಿ ಬಿಡಿ, ಕಂಡ ಹಕ್ಕಿಗಳನ್ನು ಎಣಿಸಿ ಕಳುಹಿಸಿ ಎಂಬುದೇ ಆ ಸಲಹೆ. ಆ ವರ್ಷ 25 ಸ್ಥಳಗಳಲ್ಲಿ 27 ಮಂದಿ ಎಣಿಸಿದರು. ಪಂದ್ಯದ ಹುರುಪು ಉಳಿಯಿತು, ಹಕ್ಕಿಯೂ ಉಳಿಯಿತು.

ಪಂದ್ಯದ ಹುರುಪು ಬೇರೊಂದು ದಾರಿಯಲ್ಲಿಯೂ ಬೆಳೆಯಿತು. ಜನವರಿ ಒಂದರಿಂದ ಡಿಸೆಂಬರ್ 31ರವರೆಗೆ ಅತಿ ಹೆಚ್ಚು ಪ್ರಭೇದಗಳನ್ನು ಕಾಣುವ ಸ್ಪರ್ಧೆಗೆ ‘ಬಿಗ್ ಇಯರ್’ ಎಂದು ಹೆಸರು. 1939ರಲ್ಲಿ ಗೈ ಎಮರ್ಸನ್ ಉತ್ತರ ಅಮೆರಿಕದಲ್ಲಿ 497 ಪ್ರಭೇದ ಕಂಡ. 1953ರಲ್ಲಿ ರೋಜರ್ ಟೋರಿ ಪೀಟರ್ಸನ್ 572 ಕಂಡ. 2016ರಲ್ಲಿ ನೆದರ್ಲೆಂಡಿನ ಅರ್ಯನ್ ಡ್ವಾರ್ಸ್‌ಹಾಯಿಸ್ ಪ್ರಪಂಚ ಸುತ್ತಿ 6,800ಕ್ಕೂ ಹೆಚ್ಚು ಪ್ರಭೇದಗಳನ್ನು ನೋಡಿದ. ಸಾಹಸವೇನೋ ಹೌದು. ಆದರೆ ಇಂಥ ಪಟ್ಟಿಯಲ್ಲಿ ಒಂದು ಕಾಗೆ ಕಂಡರೂ ಒಂದೇ ಗುರುತು, ಸಾವಿರ ಕಂಡರೂ ಒಂದೇ ಗುರುತು. ವಿಜ್ಞಾನಕ್ಕೆ ಇದರಿಂದ ದೊರೆಯುವುದು ಅಲ್ಪ. ಕ್ರಿಸ್‌ಮಸ್ ಗಣತಿಯಲ್ಲಾದರೋ ಸ್ಥಳ, ಸಮಯ, ಸಂಖ್ಯೆ, ಎಷ್ಟು ಹೊತ್ತು ನೋಡಿದರು ಎಂಬುದೆಲ್ಲ ದಾಖಲಾಗುತ್ತದೆ. 1970ರಿಂದೀಚೆಗೆ ಉತ್ತರ ಅಮೆರಿಕ ಸುಮಾರು 300 ಕೋಟಿ ಹಕ್ಕಿಗಳನ್ನು ಕಳೆದುಕೊಂಡಿದೆ ಎಂದು 2019ರಲ್ಲಿ ವಿಜ್ಞಾನಿಗಳು ಹೇಳಲು ಸಾಧ್ಯವಾದದ್ದು ಇಂಥ ಗಣತಿಗಳಿಂದ. ಕಳೆದುಹೋದವುಗಳಲ್ಲಿ ಹೆಚ್ಚಿನವು ಅಪರೂಪದ ಹಕ್ಕಿಗಳಲ್ಲ, ಹಿತ್ತಿಲಿಗೆ ಬರುವ ತೀರ ಸಾಮಾನ್ಯ ಹಕ್ಕಿಗಳು.

ನಮ್ಮಲ್ಲಿ ಏನಾಯಿತು? ಸಾಲಿಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಸಿದರು; ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಅವರ ಸಲಹೆಯಿಂದಲೇ. ಯಾವ ಹಕ್ಕಿ ಎಲ್ಲಿದೆ ಎಂಬುದನ್ನು ಇಂಥ ಸಮೀಕ್ಷೆಗಳು ಚೆನ್ನಾಗಿ ತಿಳಿಸಿದವು. ಅದೇ ಸ್ಥಳಕ್ಕೆ ಪ್ರತಿ ವರ್ಷ ಮರಳಿ ಹೋಗಿ ಎಣಿಸುವ ಕೆಲಸ ದೇಶದುದ್ದಕ್ಕೂ ಮೊದಲಾದದ್ದು ತಡವಾಗಿ. 1987ರಲ್ಲಿ ಏಷ್ಯಾದ ನೀರುಹಕ್ಕಿಗಳ ಜನವರಿ ಗಣತಿ ಆರಂಭವಾದ ಮೇಲೆ ಕೆರೆಗಳ ಹಕ್ಕಿಗಳಿಗೆ ಒಂದು ವಾರ್ಷಿಕ ಲೆಕ್ಕ ದೊರೆಯಿತು.

ಗುಬ್ಬಚ್ಚಿಗೆ ಆ ಭಾಗ್ಯವಿರಲಿಲ್ಲ. ಮನೆಯೊಳಗೇ ಗೂಡು ಕಟ್ಟುವ ಹಕ್ಕಿಯನ್ನು ಯಾರು ಎಣಿಸುತ್ತಾರೆ? ಗುಬ್ಬಿಗಳು ಮಾಯವಾದವು ಎಂಬ ಕೂಗೆದ್ದಾಗ ಹೋಲಿಸಿ ನೋಡಲು ಹಳೆಯ ಸಂಖ್ಯೆಗಳು ಬಹಳ ಕಡಿಮೆಯಿದ್ದವು. ಪಕ್ಷಿ ವೀಕ್ಷಕರ ಲಕ್ಷಾಂತರ ದಾಖಲೆಗಳನ್ನು ಒಟ್ಟುಗೂಡಿಸಿ 2020ರಲ್ಲಿ ಹೊರಬಂದ ‘ಭಾರತದ ಪಕ್ಷಿಗಳ ಸ್ಥಿತಿಗತಿ’ ವರದಿಯ ಪ್ರಕಾರ, ದೇಶದ ಒಟ್ಟು ಲೆಕ್ಕದಲ್ಲಿ ಗುಬ್ಬಚ್ಚಿ ಹೆಚ್ಚುಕಡಿಮೆ ಸ್ಥಿರವಾಗಿದೆ. ಇಳಿದಿರುವುದು ಬೆಂಗಳೂರಿನಂಥ ಮಹಾನಗರಗಳಲ್ಲಿ. ಅದರ ಮುಂದಿನ, 2023ರ ವರದಿ ಬೇರೊಂದು ಆತಂಕ ತಂದಿತು. ದೀರ್ಘಕಾಲದ ಮಾಹಿತಿಯಿದ್ದ 338 ಪ್ರಭೇದಗಳಲ್ಲಿ ಶೇಕಡ 60ರಷ್ಟು ಇಳಿಮುಖವಾಗಿದ್ದವು. ತುರ್ತಾಗಿ ಮರುಪರಿಶೀಲಿಸಬೇಕೆಂದು ವರದಿ ಹೆಸರಿಸಿದ ಹಕ್ಕಿಗಳಲ್ಲಿ ನೀಲಕಂಠವೂ ಸೇರಿತ್ತು. ಅದು ನಮ್ಮ ರಾಜ್ಯಪಕ್ಷಿ! ತಂತಿಯ ಮೇಲೆ ಸದಾ ಕೂತಿರುವ ಹಕ್ಕಿಯೆಂದು ನಾವಾರೂ ಅದರ ಬಗ್ಗೆ ಚಿಂತಿಸಿರಲಿಲ್ಲ.

ಸಸ್ತನಿಗಳ ಲೆಕ್ಕ ಇನ್ನೂ ಕಷ್ಟ. ಅವು ಹೆಚ್ಚಾಗಿ ರಾತ್ರಿ ತಿರುಗುತ್ತವೆ, ಹಾಡುವುದಿಲ್ಲ. ಹುಲಿಗಳನ್ನು 1972ರಿಂದ ಹೆಜ್ಜೆಗುರುತುಗಳ ಮೂಲಕ ಎಣಿಸಲಾಗುತ್ತಿತ್ತು. ಒಂದೇ ಹುಲಿಯ ಹೆಜ್ಜೆ ಮರಳಿನಲ್ಲಿ ಒಂದು ಬಗೆ, ಕೆಸರಿನಲ್ಲಿ ಇನ್ನೊಂದು ಬಗೆ ಮೂಡುತ್ತದೆ. ಲೆಕ್ಕ ತಪ್ಪದೇ ಇದ್ದೀತೆ? ಕರ್ನಾಟಕದವರೇ ಆದ ಉಲ್ಲಾಸ ಕಾರಂತರು ಈ ವಿಧಾನವನ್ನು ಪ್ರಶ್ನಿಸಿ, 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಸ್ವಯಂಚಾಲಿತ ಕ್ಯಾಮೆರಾಗಳನ್ನಿಟ್ಟು ಪಟ್ಟೆಗಳಿಂದ ಹುಲಿಗಳನ್ನು ಗುರುತಿಸಿದರು. ಕ್ಯಾಮೆರಾಕ್ಕೆ ಸಿಗದ ಹುಲಿಗಳೆಷ್ಟಿರಬಹುದು ಎಂಬುದನ್ನು ಸಂಖ್ಯಾಶಾಸ್ತ್ರದಿಂದ ಅಂದಾಜು ಮಾಡುವುದು ಈ ವಿಧಾನದ ಜೀವಾಳ. ಇದು ದೇಶಮಟ್ಟದಲ್ಲಿ ಜಾರಿಗೆ ಬರುವ ಮೊದಲೇ ರಾಜಸ್ಥಾನದ ಸರಿಸ್ಕಾದಲ್ಲಿ ಅನಾಹುತವಾಗಿತ್ತು. ಅಲ್ಲಿ 2004ರವರೆಗೂ ಕಾಗದದ ಮೇಲೆ ಹುಲಿಗಳಿದ್ದವು. 2005ರಲ್ಲಿ ಹುಡುಕಿದರೆ ಕಾಡಿನಲ್ಲಿ ಒಂದೂ ಇರಲಿಲ್ಲ.

ನೀವೂ ಪಟ್ಟಿಯಿಡುವವರಾದರೆ ಸ್ಥಳ, ದಿನಾಂಕ, ನೋಡಿದ ಅವಧಿ ಇಷ್ಟನ್ನು ತಪ್ಪದೆ ಬರೆಯಿರಿ. ಕಾಗೆ, ಗೊರವಂಕಗಳನ್ನು ಬಿಡಬೇಡಿ. ಕಂಡ ಎಲ್ಲ ಪ್ರಭೇದಗಳನ್ನೂ ಬರೆದಾಗ ಮಾತ್ರ ಪಟ್ಟಿಯಲ್ಲಿ ಇಲ್ಲದ ಹಕ್ಕಿಗೂ ಅರ್ಥ ಬರುತ್ತದೆ. ಹಳೆಯ ನೋಟ್‌ಬುಕ್‌ಗಳಿದ್ದರೆ ಅವುಗಳನ್ನೂ ಹುಡುಕಿ ತೆಗೆಯಿರಿ. 2002ರಲ್ಲಿ ಆರಂಭವಾದ ಇ-ಬರ್ಡ್ ಎಂಬ ಅಂತರಜಾಲ ದಾಖಲೆಯಲ್ಲಿ ದಶಕಗಳ ಹಿಂದಿನ ಪಟ್ಟಿಯನ್ನೂ ಅದೇ ದಿನಾಂಕಕ್ಕೆ ಸೇರಿಸಬಹುದು. ಭಾರತದ ಪಕ್ಷಿಶಾಸ್ತ್ರಕ್ಕೆ ತಳಹದಿ ಹಾಕಿದ ಎ.ಓ. ಹ್ಯೂಮ್ ವರ್ಷಗಟ್ಟಲೆ ಕೂಡಿಹಾಕಿದ್ದ ಟಿಪ್ಪಣಿಗಳು 1880ರ ದಶಕದಲ್ಲಿ ಶಿಮ್ಲಾದ ಮನೆಯಲ್ಲಿದ್ದವು. ಅವನು ಊರಿನಲ್ಲಿಲ್ಲದಾಗ ಆಳೊಬ್ಬ ಅವುಗಳನ್ನು ಬಜಾರಿನಲ್ಲಿ ರದ್ದಿಗೆ ಮಾರಿಬಿಟ್ಟ.