ಕಲ್ಯಾಣದ ಕ್ರಾಂತಿ ಉಗ್ರವಾದದ್ದು ಎಲ್ಲಿ?

ಕಲ್ಯಾಣದ ಶರಣರ ಚಳವಳಿ ಅರಮನೆಗೆ ಸಹಿಸಲಾಗದಂತಾದದ್ದು ಯಾವ ಹಂತದಲ್ಲಿ? ಈ ಪ್ರಶ್ನೆಗೆ ಒಂದೊಂದು ಕಾಲವೂ ತನ್ನದೇ ಉತ್ತರ ಕೊಟ್ಟಿದೆ.

13ನೇ ಶತಮಾನದ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಕಲ್ಯಾಣದ ಅರಸ ಬಿಜ್ಜಳ ಇಬ್ಬರು ಭಕ್ತರ ಕಣ್ಣು ಕೀಳಿಸುತ್ತಾನೆ. ಜಗದೇವ ಮತ್ತು ಸಂಗಡಿಗರು ಅವನನ್ನು ಕೊಲ್ಲುತ್ತಾರೆ. 1369ರಲ್ಲಿ ಭೀಮಕವಿ ಈ ಪುರಾಣವನ್ನು ಕನ್ನಡಕ್ಕೆ ತಂದ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ನಡೆದ ಮದುವೆ ಸಂಘರ್ಷದ ಮೂಲವಾಗಿ ನಿಲ್ಲುವುದು ಅದರ ಮುಂದಿನ ಪುರಾಣಗಳಲ್ಲಿ. ಮೊದಲು ಭಕ್ತದ್ರೋಹಿಯಾಗಿದ್ದ ಅರಸ ಅಲ್ಲಿ ಜಾತಿಯ ಕಾವಲುಗಾರನಾದ. ಕ್ರಾಂತಿಯ ಉಗ್ರತೆ ಕತ್ತಿಯಲ್ಲಿಲ್ಲ, ಹಂದರದಲ್ಲಿದೆ ಎಂಬುದನ್ನು ಆ ಪುರಾಣಕಾರರು ಇತಿಹಾಸಕಾರರಿಗಿಂತ ಮೊದಲೇ ಕಂಡಿದ್ದರು.

ಶಾಸನಗಳ ಸಾಕ್ಷ್ಯ ಬಂದಮೇಲೆ ಚಿತ್ರ ಜಟಿಲವಾಯಿತು. ಹಾವೇರಿ ಸೀಮೆಯ ಅಬ್ಬಲೂರಿನ ಶಾಸನವನ್ನು ಓದಿದ ಜೆ.ಎಫ್. ಫ್ಲೀಟ್, ಬಸವಣ್ಣನಿಗಿಂತ ಶಿವಭಕ್ತ ಏಕಾಂತದ ರಾಮಯ್ಯನಿಗೇ ಹಿರಿಮೆ ಕೊಟ್ಟ. ಆದರೆ ಅದೇ ಶಾಸನದಲ್ಲಿ ಬಿಜ್ಜಳ ರಾಮಯ್ಯನಿಗೆ ಜಯಪತ್ರ ಕೊಟ್ಟಿದ್ದಾನೆ! ಅವನು ಮೊದಲಿನಿಂದಲೂ ಶಿವಭಕ್ತರ ವೈರಿಯಾಗಿರಲಿಲ್ಲ. 1167ರ ಹೊತ್ತಿಗೆ ಬಿಜ್ಜಳನ ಗದ್ದುಗೆ ಅವನ ಮಗ ಸೋವಿದೇವನದಾಯಿತು. ಬಸವಣ್ಣನ ಹೆಸರು 1260ರ ಅರ್ಜುನವಾಡ ಶಾಸನದಲ್ಲಿ ಸಿಕ್ಕಿತು.

ದೊಡ್ಡ ತಿರುವು ಕೊಟ್ಟವರು ಫ.ಗು. ಹಳಕಟ್ಟಿ. ತಾಳೆಗರಿಗಳನ್ನು ಊರೂರು ಅಲೆದು ಕೂಡಿಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಅದುವರೆಗೆ ಪುರಾಣದ ಪಾತ್ರಗಳಾಗಿದ್ದ ಅಂಬಿಗರು, ಮಾದಾರರು, ಸೂಳೆಯರು ತಮ್ಮ ಬಾಯಿಂದಲೇ ಮಾತಾಡತೊಡಗಿದರು. ಈ ಕೆಲಸಕ್ಕೆ ನಾವು ಎಷ್ಟು ಋಣಿಗಳಾದರೂ ಸಾಲದು. ಪಿ.ಬಿ. ದೇಸಾಯಿ, ಎಂ. ಚಿದಾನಂದಮೂರ್ತಿ ಅವರ ಸಂಶೋಧನೆಗಳು ಮುಂದಿನ ದಶಕಗಳಲ್ಲಿ ಬಂದವು. ಗದುಗಿನ ತೋಂಟದಾರ್ಯ ಮಠದ ಅಧ್ಯಯನ ಸಂಸ್ಥೆ ಇಂಥ ಎಷ್ಟೋ ಗ್ರಂಥಗಳನ್ನು ಅಚ್ಚುಹಾಕಿಸಿತು.

ರಾಜಕೀಯ ಪ್ರಶ್ನೆಯನ್ನು ನೇರವಾಗಿ ಎತ್ತಿದ್ದು ರಂಗಭೂಮಿ. ಲಂಕೇಶರ ‘ಸಂಕ್ರಾಂತಿ’ (1971), ಶಿವಪ್ರಕಾಶರ ‘ಮಹಾಚೈತ್ರ’, ಕಾರ್ನಾಡರ ‘ತಲೆದಂಡ’ (1990), ಕಲಬುರ್ಗಿಯವರ ‘ಕೆಟ್ಟಿತ್ತು ಕಲ್ಯಾಣ’ ಎಲ್ಲವೂ ಕಲ್ಯಾಣದ ಆ ಗಾಯವನ್ನೇ ಮುಟ್ಟಿದವು. ‘ತಲೆದಂಡ’ದ ಬಸವಣ್ಣ ಮದುವೆಯ ಸುದ್ದಿ ಕೇಳಿದಾಗ ಹಿಗ್ಗುವುದಕ್ಕಿಂತ ಹೆಚ್ಚು ಅಂಜುತ್ತಾನೆ: ಚಳವಳಿ ನಾಯಕನ ಕೈಮೀರಿ ಅನುಯಾಯಿಗಳ ಕೈಗೆ ಹೋಗುವ ಗಳಿಗೆ ಅದು. 1789ರ ಫ್ರಾನ್ಸಿನಲ್ಲೂ ಮೊದಲು ಕೇಳಿದ್ದು ಸುಧಾರಣೆ. 1793ರಲ್ಲಿ ಹೋದದ್ದು ದೊರೆಯ ತಲೆ. ಇಂಥ ವಿಷಯಗಳನ್ನು ಹೆದರದೆ ಶೋಧಿಸಿದ ಕಲಬುರ್ಗಿಯವರು 2015ರಲ್ಲಿ ಧಾರವಾಡದ ತಮ್ಮ ಮನೆಯಲ್ಲಿಯೇ ಗುಂಡಿಗೆ ಬಲಿಯಾದರು.

ಇಷ್ಟರ ನಡುವೆ ಕಲ್ಯಾಣದಾಚೆಯ ಊರುಗಳತ್ತ ನೋಟ ಹರಿದದ್ದು ಕಡಿಮೆ. ಲಕ್ಕುಂಡಿ ಆಗ ಲೊಕ್ಕಿಗುಂಡಿ, ‘ಲೊಕ್ಕಿ ಗದ್ಯಾಣ’ ಎಂಬ ನಾಣ್ಯಕ್ಕೆ ಹೆಸರಾದ ಶ್ರೀಮಂತ ಪಟ್ಟಣ. ಅಜಗಣ್ಣ ಮತ್ತು ಮುಕ್ತಾಯಕ್ಕ ಈ ಊರಿನವರು. ಅಣ್ಣನನ್ನು ಕಳೆದುಕೊಂಡ ಮುಕ್ತಾಯಕ್ಕ ಅಲ್ಲಮನೆದುರು ನಿಂತು ವಾದಿಸಿದಳೆಂದು ಶೂನ್ಯಸಂಪಾದನೆ ಹೇಳುತ್ತದೆ. ಗುರುವಿನ ಮಾತನ್ನೂ ಪ್ರಶ್ನಿಸದೆ ಒಪ್ಪದ ಹೆಣ್ಣೊಬ್ಬಳು ವ್ಯಾಪಾರದ ಪಟ್ಟಣದಿಂದಲೇ ಬಂದದ್ದು ಆಕಸ್ಮಿಕವೇ? ಲಕ್ಕುಂಡಿಯ ಶಾಸನ, ನಾಣ್ಯ, ವಚನಗಳನ್ನು ಒಟ್ಟಿಗಿಟ್ಟು ಓದುವ ಕೆಲಸ ಈಗ ನಮ್ಮ ಗದಗ ಜಿಲ್ಲೆಯ ಸಂಶೋಧಕರಿಂದಲೇ ಆಗಬೇಕು.